ಆಟೋ ಕಟ್ ಇದ್ದರೂ ದೋಣಿಯ ವೆಂಟ್‌ನಿಂದ ಪೆಟ್ರೋಲ್ ಚೆಲ್ಲುವುದೇಕೆ?

ಬೆಂಗಳೂರಿನ ಬಂಕ್‌ನಲ್ಲಿ ಟ್ರೇಲರ್ ಮೇಲಿನ ದೋಣಿಗೆ ಪೆಟ್ರೋಲ್ ಹಾಕಿಸುವಾಗ, ನಾಝಲ್ ತಾನಾಗಿ ನಿಲ್ಲುವ (ಆಟೋ ಕಟ್) ಮೊದಲೇ ವೆಂಟ್‌ನಿಂದ, ಅಂದರೆ ಟ್ಯಾಂಕಿನ ಗಾಳಿ ಹೊರಹೋಗುವ ಪೈಪಿನಿಂದ, ಚೆಲ್ಲುತ್ತದೆ ಅಂದಿದ್ದೀರಿ. ನಾಝಲ್ ಕೆಟ್ಟಿರಲಿಕ್ಕಿಲ್ಲ. ಅದರ ತುದಿಯಲ್ಲೊಂದು ಪುಟ್ಟ ರಂಧ್ರವಿದೆ, ನೋಡಿ; ಪೆಟ್ರೋಲ್ ಅದನ್ನು ಮುಚ್ಚಿದಾಗಲೇ ಕಟ್ ಆಗುವುದು. ಟ್ಯಾಂಕ್ ತುಂಬಿ ವೆಂಟ್ ಪೈಪಿಗೆ ಏರಿದ್ದು ಅದಕ್ಕೆ ತಿಳಿಯುವುದೇ ಇಲ್ಲ.

ಟ್ರೇಲರ್ ಸಮತಟ್ಟಾಗಿ ನಿಲ್ಲಿಸಿ. 50 ಲೀಟರ್ ಟ್ಯಾಂಕಾದರೆ 45 ದಾಟಿಸಬೇಡಿ. ಒಳಗೆ ಈಗಾಗಲೇ ಇರುವುದನ್ನು ಕಳೆದು, ಉಳಿದ ಲೀಟರ್ ಲೆಕ್ಕವನ್ನು ಬಂಕ್‌ನವರಿಗೆ ಮೊದಲೇ ಹೇಳಿಬಿಡಿ. ಲಿವರ್ ಲಾಕ್ ಮಾಡದೆ ಕೈಯಲ್ಲೇ ಹಿಡಿಸಿ, ಕೊನೆಯ ಐದಾರು ಲೀಟರ್ ನಿಧಾನಕ್ಕೆ ಬಿಡಿಸಿ. ವೆಂಟ್ ಕೆಳಗೆ ಎಣ್ಣೆ ಹೀರುವ ಪ್ಯಾಡ್ ಇರಲಿ. ಗಾಳಿಯ ಸುಯ್ ಸದ್ದು ಗಳಗಳ ಅಂದರೆ ತಕ್ಷಣ ನಿಲ್ಲಿಸಿ.

‘ರೌಂಡ್ ಫಿಗರ್ ಮಾಡ್ಲಾ ಸರ್?’ ಅಂದರೆ ದಯವಿಟ್ಟು ಬೇಡ ಅನ್ನಿ. ಪೆಟ್ರೋಲ್ ಬಿಸಿಲಲ್ಲಿ 20 ಡಿಗ್ರಿ ಕಾದರೆ 45 ಲೀಟರಿಗೆ ಮುಕ್ಕಾಲು ಲೀಟರಿಗೂ ಹೆಚ್ಚು ಹಿಗ್ಗುತ್ತದೆ. ಟ್ಯಾಂಕಿನಲ್ಲಿ ಜಾಗವಿಲ್ಲದಿದ್ದರೆ ಅದು ನೇರ ನೀರಿಗೇ.