ಹಬ್ಬ ನಮ್ಮ ರಜೆ ಕೇಳಿಕೊಂಡು ಬರುವುದಿಲ್ಲ

ಬಾರ್ಸಿಲೋನಾದಲ್ಲಿ ನೆಲೆಸಿರುವ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹುಟ್ಟೂರು ಮಂಡ್ಯದ ಕಡೆ. ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಹೆಂಡತಿ, ಮಗಳ ಜೊತೆ ಜನವರಿಯಲ್ಲಿ ಸ್ಪೇನಿನದ್ದೇ ಆದ ಮಯೋರ್ಕಾ ದ್ವೀಪಕ್ಕೆ ಹೋಗಿದ್ದರಂತೆ. 16ರ ಸಂಜೆ ಸಾ ಪೋಬ್ಲಾ ಎಂಬ ಊರಿನಲ್ಲಿ ಹಬ್ಬ ಅಂತ ಗೊತ್ತಾಗಿ ಅಲ್ಲಿಗೂ ಹೋದರು. ಮುಂದಿನದು ಅವರ ಮಾತಲ್ಲೇ ಇರಲಿ: "ಬೀದಿ ಬೀದಿಗೂ ಬೆಂಕಿ, ಹೊಗೆ. ಕೊಂಬು ಇಟ್ಟುಕೊಂಡ ದೆವ್ವಗಳು ಕುಣಿಯುತ್ತಿದ್ದವು, ಮಗಳು ಹೆದರಿ ಅತ್ತಳು. ಕೂರಲು ಒಂದು ಕುರ್ಚಿ ಇಲ್ಲ. ಇದು ಏನು ಅಂತ ಇಂಗ್ಲಿಷಿನಲ್ಲಿ ಹೇಳುವವರಿಲ್ಲ. ಮರುದಿನ ಅಂಗಡಿಗಳೂ ಮುಚ್ಚಿದ್ದವು. ಬೇಸಿಗೆಯಲ್ಲಿ ಪ್ರವಾಸಿಗರು ತುಂಬಿ ತುಳುಕುವ ಜಾಗ ಅದು. ಈ ಹಬ್ಬಗಳನ್ನೆಲ್ಲ ಜುಲೈ-ಆಗಸ್ಟಿಗೆ ಇಟ್ಟುಕೊಂಡರೆ ಎಲ್ಲರಿಗೂ ಲಾಭ ಅಲ್ವಾ? ಹೋಗಲಿ, ಶನಿವಾರಕ್ಕಾದರೂ? ನಾವು ಇಲ್ಲಿ ಯುಗಾದಿಯನ್ನ ಹಾಲ್ ಸಿಕ್ಕ ದಿನ ಮಾಡುತ್ತೇವೆ, ಏನೂ ಕಳೆದುಹೋಗಿಲ್ಲ." ಕೊನೆಗೆ, ಡಿಸೆಂಬರ್ ರಜೆಯಲ್ಲಿ ಇನ್ನೊಮ್ಮೆ ಹೋಗುವುದು ಸರಿಯಾ ಅಂತ ಕೇಳಿದ್ದಾರೆ.

ಉತ್ತರ:

ಪತ್ರ ಬರೆದಿರಲ್ಲ, ಅದಕ್ಕೆ ಸಂತೋಷ. ಹೆಚ್ಚಿನವರು ಬೆಂಕಿಯ ಮುಂದೆ ನಿಂತು ಒಂದು ಫೋಟೊ ಹಾಕಿ ಮರೆತುಬಿಡುತ್ತಾರೆ. ನೀವು ಕಂಡದ್ದನ್ನ ಕಂಡ ಹಾಗೆ ಬರೆದಿದ್ದೀರಿ, ಕುರ್ಚಿ ಇರಲಿಲ್ಲ ಅನ್ನುವುದನ್ನೂ ಸೇರಿಸಿ.

ನಿಮ್ಮ ಮಾತಿನಲ್ಲಿ ನಿಜವೂ ಇದೆ. ಆ ದ್ವೀಪದ ಹೊಟ್ಟೆ ತುಂಬುವುದು ಪ್ರವಾಸಿಗರಿಂದಲೇ. ಹೋಟೆಲ್ ಕೆಲಸ, ಟ್ಯಾಕ್ಸಿ, ಬಾಡಿಗೆ ಮನೆ, ಎಲ್ಲದರ ಲೆಕ್ಕವೂ ಬೇಸಿಗೆಯ ಮೇಲೆ ನಿಂತಿದೆ. ದೂರದಲ್ಲಿ ಕೆಲಸ ಮಾಡುವ ಮಕ್ಕಳು ವಾರದ ನಡುವೆ ಊರಿಗೆ ಬರುವುದು ಕಷ್ಟ, ಒಪ್ಪಿದೆ.

ಆದರೆ ಅಷ್ಟಕ್ಕೇ ಹಬ್ಬವನ್ನ ಎತ್ತಿ ಆಗಸ್ಟಿಗೆ ಇಡಿ ಅನ್ನುವುದನ್ನ ನಾನು ಒಪ್ಪಲಾರೆ. ನೀವು ನೋಡಿದ ಹಬ್ಬ ಜನವರಿಯದ್ದು ಯಾಕೆ ಅಂತ ಒಂದು ಸಲ ಯೋಚಿಸಿ.

ಅದು ಸಂತ ಅಂತೋನಿಯ ಹಬ್ಬ. ಈಜಿಪ್ಟಿನ ಮರಳುಗಾಡಿನಲ್ಲಿ ಒಬ್ಬನೇ ಕೂತು ತಪಸ್ಸು ಮಾಡಿದ ಸನ್ಯಾಸಿ ಅವನು. ಅವನನ್ನ ಕೆಡಿಸಲು ದೆವ್ವಗಳು ಬಂದವು ಅಂತ ಕಥೆ. ನಿಮ್ಮ ಮಗಳನ್ನ ಅಳಿಸಿದ ಕೊಂಬಿನ ಡಿಮೋನಿಗಳು ಅವೇ. ಕಾಲ ಹೋದಂತೆ ಆ ಸಂತ ದನಕರು, ಕುದುರೆ, ಹೇಸರಗತ್ತೆಗಳನ್ನ ಕಾಯುವವನಾದ. ಚಿತ್ರಗಳಲ್ಲಿ ಅವನ ಕಾಲ ಹತ್ತಿರ ಒಂದು ಹಂದಿ ಇರುತ್ತದೆ. ಮಯೋರ್ಕಾದ ಹಳ್ಳಿ ಮನೆಗಳಲ್ಲಿ ಚಳಿ ಶುರುವಾದ ಮೇಲೆ ಹಂದಿ ಕಡಿದು, ಮೆಣಸಿನ ಪುಡಿ ಹಾಕಿ ಸೊಬ್ರಸಾದಾ ಎಂಬ ಕೆಂಪು ಸಾಸೇಜ್ ತುಂಬಿಡುತ್ತಾರೆ. ಚಳಿ ಇಲ್ಲದಿದ್ದರೆ ಮಾಂಸ ಕೆಡುತ್ತದೆ. ಜನವರಿ ಮಧ್ಯದ ಹೊತ್ತಿಗೆ ಮನೆಯಲ್ಲಿ ಮಾಂಸವಿದೆ, ರಾತ್ರಿ ಉದ್ದ ಇದೆ, ಚಳಿಯೂ ಜೋರಾಗಿದೆ. ಆಗ ಬೀದಿಗೊಂದು ಬೆಂಕಿ ಹಾಕುತ್ತಾರೆ, ಫೊಗೆರೊ ಅನ್ನುತ್ತಾರೆ ಅದಕ್ಕೆ. ಅದರ ಕೆಂಡದ ಮೇಲೆ ಅದೇ ಸಾಸೇಜ್ ಸುಡುತ್ತಾರೆ. ಮರುದಿನ 17ಕ್ಕೆ ಪ್ರಾಣಿಗಳನ್ನೆಲ್ಲ ಮೆರವಣಿಗೆಯಲ್ಲಿ ತಂದು ಪಾದ್ರಿಯ ಮುಂದೆ ನಿಲ್ಲಿಸಿ ಆಶೀರ್ವಾದದ ನೀರು ಹಾಕಿಸುತ್ತಾರೆ. ಹಿಂದೆ ಹೊಲಕ್ಕೆ ದುಡಿಯುವ ಪ್ರಾಣಿಗಳು ಬರುತ್ತಿದ್ದವು. ಈಗ ಮಕ್ಕಳು ನಾಯಿ, ಬೆಕ್ಕು, ಆಮೆಯನ್ನೂ ಎತ್ತಿಕೊಂಡು ಬರುತ್ತಾರೆ.

ಮಂಡ್ಯದವರು ನೀವು. ಸಂಕ್ರಾಂತಿ ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುವುದನ್ನ ನಿಮಗೆ ನಾನು ಹೇಳಿಕೊಡಬೇಕಾ? ನಮ್ಮಲ್ಲಿ ಕಿಚ್ಚು ಆರಿ ಒಂದೆರಡೇ ದಿನಕ್ಕೆ ಅಲ್ಲಿ ಬೆಂಕಿ ಏಳುತ್ತದೆ. ಒಂದಕ್ಕೊಂದು ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಬೆಂಕಿ ಮತ್ತು ದನಕರು ಜೊತೆಯಾಗಿರುವ ಹಬ್ಬವನ್ನ ಮೊದಲೇ ಕಂಡಿರುವ ನೀವು ಅಲ್ಲಿ ನಿಂತು ಕುರ್ಚಿ ಹುಡುಕಿದಿರಿ ಅನ್ನುವುದು ನನಗೆ ನಿಜವಾಗಿ ಬೇಸರ ತಂದಿತು.

ಆ ರಾತ್ರಿ ನಿಮ್ಮ ಕಿವಿಗೆ ಬಿದ್ದಿರಲೇಬೇಕಾದ ಒಂದು ವಾದ್ಯದ ಬಗ್ಗೆ ನೀವು ಬರೆದೇ ಇಲ್ಲ. ಶಿಂಬೋಂಬಾ. ಮಣ್ಣಿನ ಮಡಕೆ, ಅದರ ಬಾಯಿಗೆ ಬಿಗಿದ ತೊಗಲು, ತೊಗಲಿನ ನಡುವೆ ನೆಟ್ಟಗೆ ನಿಲ್ಲಿಸಿ ಕಟ್ಟಿದ ಒಂದು ಉದ್ದ ಕಡ್ಡಿ. ಅದನ್ನ ಬಡಿಯುವುದಿಲ್ಲ. ಅಂಗೈ ಒದ್ದೆ ಮಾಡಿಕೊಂಡು ಕಡ್ಡಿಯನ್ನ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಉಜ್ಜಬೇಕು. ಆಗ ಮಡಕೆಯ ಹೊಟ್ಟೆಯಿಂದ ದಪ್ಪಗಿನ ಹೂಂಕಾರ ಬರುತ್ತದೆ. ಆ ಹೂಂಕಾರದ ಮೇಲೆ ಒಬ್ಬರು ಗ್ಲೋಸಾ ಕಟ್ಟಿ ಹಾಡುತ್ತಾರೆ. ನಿಂತ ನಿಲುವಿನಲ್ಲೇ ಹುಟ್ಟುವ ನಾಲ್ಕೈದು ಸಾಲಿನ ಪದ, ಅದರಲ್ಲಿ ಪಕ್ಕದ ಮನೆಯವನ ಕಾಲೆಳೆಯುವುದೂ ಉಂಟು, ಮಡಿವಂತರು ಕಿವಿ ಮುಚ್ಚಿಕೊಳ್ಳುವ ಮಾತೂ ಉಂಟು. ಇನ್ನೊಬ್ಬರು ಅದಕ್ಕೆ ಉತ್ತರ ಕಟ್ಟುತ್ತಾರೆ. ಇದೆಲ್ಲ ಅವರ ಕತಲಾನ್ ಭಾಷೆಯಲ್ಲಿ, ಮಯೋರ್ಕಾದ ಮಾತಿನ ಧಾಟಿಯಲ್ಲೇ ನಡೆಯಬೇಕು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಆಳಿದ ಕಾಲದಲ್ಲಿ ಆ ಭಾಷೆಗೆ ಶಾಲೆಯಲ್ಲೂ ಜಾಗ ಇರಲಿಲ್ಲ, ಕಚೇರಿಯಲ್ಲೂ ಇರಲಿಲ್ಲ. ಹೀಗೆ ಬೆಂಕಿಯ ಸುತ್ತ ನಿಂತ ಜನರ ಬಾಯಲ್ಲಿ ಉಳಿದುಕೊಂಡಿತು. ಅಂಥ ಕಡೆ ಇಂಗ್ಲಿಷಿನಲ್ಲಿ ವಿವರಣೆ ಕೊಡುವ ಮೈಕ್ ಇರಬೇಕಿತ್ತು ಅಂತ ಕೇಳುವುದು ಸರಿಯಾ, ನೀವೇ ಹೇಳಿ. ಪಕ್ಕದಲ್ಲಿ ನಿಂತ ಅಜ್ಜಿಯನ್ನ ಮಾತಾಡಿಸಿದ್ದರೆ ಆಕೆ ಕೈಸನ್ನೆಯಲ್ಲಾದರೂ ಹೇಳುತ್ತಿದ್ದಳು, ಎಸ್ಪಿನಗಾಡಾದ ಒಂದು ತುಂಡನ್ನೂ ಕೊಡುತ್ತಿದ್ದಳೇನೋ. ಪಾಲಕ್ ಸೊಪ್ಪು, ಬೆಳ್ಳುಳ್ಳಿ, ಖಾರ ಹಾಕಿ, ಹಾವುಮೀನು ತುಂಬಿ ಬೇಯಿಸುವ ಕಡುಬಿನಂಥ ತಿಂಡಿ ಅದು. ಸಾ ಪೋಬ್ಲಾದ ಪಕ್ಕದಲ್ಲೇ ಅಲ್ಬುಫೇರಾ ಅನ್ನುವ ದೊಡ್ಡ ಜೌಗು ಇದೆ, ಹಾವುಮೀನು ಅಲ್ಲಿಯದೇ.

ಇನ್ನು ಶನಿವಾರದ ಮಾತು. ಆ ದ್ವೀಪದ ವರ್ಷವನ್ನ ಸುಮ್ನೆ ಒಂದು ಸುತ್ತು ನೋಡಿ. ಸಂತ ಅಂತೋನಿ ಮುಗಿದು ಮೂರು ದಿನಕ್ಕೆ, ಜನವರಿ 20ಕ್ಕೆ, ರಾಜಧಾನಿ ಪಾಲ್ಮಾದಲ್ಲಿ ಸಂತ ಸೆಬಾಸ್ತಿಯಾನ ಹಬ್ಬ. 16ನೇ ಶತಮಾನದ ಪ್ಲೇಗ್ ಕಾಲದಲ್ಲಿ ಊರನ್ನ ಕಾದ ಸಂತ ಅಂತ ಅವನ ಮೇಲೆ ನಂಬಿಕೆ. ಹಿಂದಿನ ರಾತ್ರಿ ಚೌಕಗಳಲ್ಲಿ ಬೆಂಕಿ ಹಾಕುತ್ತಾರೆ, ಜನ ಮನೆಯಿಂದ ಮಾಂಸ ತಂದು ಸುಟ್ಟುಕೊಂಡು ತಿನ್ನುತ್ತಾರೆ. ಆಮೇಲೆ ಬಾದಾಮಿ ಹೂ ಬಿಡುತ್ತದೆ. ಈಸ್ಟರಿಗೆ ಮನೆ ಮನೆಯಲ್ಲೂ ಕುರಿಮರಿ ಮಾಂಸ ತುಂಬಿದ ಪನಾದಾ. ಮೇ ತಿಂಗಳಲ್ಲಿ ಸೊಯೇರ್ ಊರಿನಲ್ಲಿ ಫಿರೋ. 1561ರ ಮೇ 11ಕ್ಕೆ ಕಡಲ್ಗಳ್ಳರು ದಾಳಿ ಮಾಡಿದ್ದನ್ನ, ಊರಿನವರು ಹೊಡೆದೋಡಿಸಿದ್ದನ್ನ ಊರಿಗೆ ಊರೇ ಸೇರಿ ಮತ್ತೆ ಆಡಿ ತೋರಿಸುತ್ತದೆ. ಇಬ್ಬರು ಹೆಣ್ಣುಮಕ್ಕಳು ಬಾಗಿಲ ಅಗುಳಿ ತೆಗೆದುಕೊಂಡು ಕಳ್ಳರನ್ನ ಕೊಂದರು ಅಂತ ಕಥೆ ಇದೆ. ಆ ಕಾಳಗ ನಡೆಯುವುದು ಯಾವ ವಾರ ಗೊತ್ತಾ? ಸೋಮವಾರ. ಮೇ ತಿಂಗಳ ಎರಡನೇ ಭಾನುವಾರ ಕಳೆದ ಸೋಮವಾರ. ನವೆಂಬರಿನಲ್ಲಿ ಇಂಕಾ ಊರಿನ ದೊಡ್ಡ ಜಾತ್ರೆ ಬರುತ್ತದೆ, ಅದು ಗುರುವಾರ. ಶನಿವಾರ ಮಾಡಿದರೆ ಜನ ಜಾಸ್ತಿ ಬರುತ್ತಾರೆ ಅಂತ ಆ ಊರಿನವರಿಗೆ ಗೊತ್ತಿಲ್ಲವಾ? ಗೊತ್ತಿದ್ದೇ ಹಾಗೆ ಮಾಡುತ್ತಾರೆ.

ಸೆಪ್ಟೆಂಬರ್ ಕೊನೆಗೆ ಬಿನಿಸಾಲೆಮಿನಲ್ಲಿ ದ್ರಾಕ್ಷಿಯ ಹಬ್ಬ. ಅದು ಹಳೇದಲ್ಲ, 20ನೇ ಶತಮಾನದಲ್ಲಿ ಶುರುವಾದದ್ದು. ಆದರೂ ಹೊಸ ಹಬ್ಬ ಮಾಡುವಾಗ ದ್ರಾಕ್ಷಿ ಕೊಯ್ಯುವ ಕಾಲವನ್ನೇ ಹುಡುಕಿಕೊಂಡರು ನೋಡಿ. ವೈನಿಗೆ ಬೇಡವಾದ ಹಣ್ಣನ್ನ ಒಬ್ಬರ ಮೇಲೊಬ್ಬರು ಎರಚಿ, ಮೈಯೆಲ್ಲ ರಸ ಮಾಡಿಕೊಂಡು ಹುಡುಗರು ಮನೆಗೆ ಹೋಗುತ್ತಾರೆ. ಇದನ್ನ ಜುಲೈಗೆ ತಂದರೆ ಎರಚಲು ಏನಿರುತ್ತದೆ? ಹುಳಿ ಕಾಯಿ.

ನೀವು ಅದೇ ದ್ವೀಪದ ಪೊಯೆನ್ಸಾ ಊರಿನ ಉದಾಹರಣೆ ಕೊಡಬಹುದು. ಅಲ್ಲಿ ದ್ರಾಗುತ್ ಎಂಬ ಕಡಲ್ಗಳ್ಳ ಬಂದಿದ್ದು 1550ರ ಮೇ ತಿಂಗಳ ಕೊನೆಗೆ ಒಂದು ರಾತ್ರಿ, ಆದರೆ ಆ ಕಾಳಗವನ್ನ ಈಗ ಆಡುವುದು ಆಗಸ್ಟ್ 2ಕ್ಕೆ. ದಿನ ಬದಲಾಯಿಸಿದ್ದಾರಲ್ಲ ಅಂತ ನೀವು ಕೇಳಿದರೆ, ಹೌದು, ಬದಲಾಗಿದೆ. ಆದರೆ ಅದು ಪ್ರವಾಸಿಗರಿಗಾಗಿ ಅಲ್ಲ. ಆಗಸ್ಟ್ 2 ಆ ಊರಿನ ಮೇರಿ ಮಾತೆಯ ಹಬ್ಬದ ದಿನ, ಕಾಳಗದ ನಾಯಕ ಜೋನ್ ಮಾಸ್ ಅವಳ ಹೆಸರು ಕೂಗಿಯೇ ಜನರನ್ನ ಎಬ್ಬಿಸಿದ ಅಂತ ಊರಿನವರು ಹೇಳುತ್ತಾರೆ. ನಿದ್ದೆಯಿಂದ ಎದ್ದು ಬಂದವರು ಅಂತ ತೋರಿಸಲು ಆ ದಿನ ಊರಿನ ಗಂಡಸರು ಬಿಳೀ ಒಳಬಟ್ಟೆಯಲ್ಲಿ, ಕೈಗೆ ಸಿಕ್ಕ ದೊಣ್ಣೆ, ಕವೆಗೋಲು ಹಿಡಿದು ಓಡುತ್ತಾರೆ. ಒಂದು ನಂಬಿಕೆಯ ದಿನದಿಂದ ಇನ್ನೊಂದು ನಂಬಿಕೆಯ ದಿನಕ್ಕೆ ಹೋಗುವುದು ಬೇರೆ, ಹಾಲ್ ಬಾಡಿಗೆ ಕಡಿಮೆ ಇರುವ ದಿನಕ್ಕೆ ಹೋಗುವುದು ಬೇರೆ.

ಇನ್ನು ಲಾಭದ ಲೆಕ್ಕ. 2023ರಲ್ಲಿ ಮಯೋರ್ಕಾ ಸೇರಿದ ಬಾಲೆಯಾರಿಕ್ ದ್ವೀಪಗಳಿಗೆ ಸುಮಾರು 1.78 ಕೋಟಿ ಪ್ರವಾಸಿಗರು ಬಂದರು. ಅಲ್ಲಿ ಇರುವ ಜನ 12 ಲಕ್ಷ. ಮರುವರ್ಷ ಬೇಸಿಗೆಯಲ್ಲಿ ಪಾಲ್ಮಾದ ಬೀದಿಗಳಲ್ಲಿ ಸಾವಿರಾರು ಜನ ಮೆರವಣಿಗೆ ಹೋದರು, ನಮ್ಮೂರಿನಲ್ಲಿ ನಮಗೇ ಬಾಡಿಗೆ ಮನೆ ಸಿಗುತ್ತಿಲ್ಲ, ಇಷ್ಟು ಪ್ರವಾಸ ಸಾಕು ಅಂತ. ಸಮುದ್ರದ ದಂಡೆ ಕೊಟ್ಟಾಯಿತು, ಮನೆ ಕೊಟ್ಟಾಯಿತು, ಬೇಸಿಗೆಯನ್ನ ಪೂರ್ತಿ ಕೊಟ್ಟಾಯಿತು. ಉಳಿದಿರುವ ಚಳಿಗಾಲದ ಎರಡು ರಾತ್ರಿಗಳನ್ನೂ ಕೊಡಿ ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ. ಅಂಗಡಿ ಮುಚ್ಚಿತ್ತು ಅಂತ ನೀವು ದೂರಿದ್ದೀರಿ. ಅಂಗಡಿಯವನಿಗೂ ಹಬ್ಬ ಇದೆ ಸ್ವಾಮಿ, ಅವನೂ ತನ್ನ ನಾಯಿಯನ್ನ ಹಿಡಿದುಕೊಂಡು ಚರ್ಚಿನ ಮುಂದೆ ನಿಂತಿದ್ದ.

ನಿಮ್ಮದೇ ಬಾರ್ಸಿಲೋನಾದಲ್ಲಿ ಗ್ರಾಸಿಯಾ ಬಡಾವಣೆ ಇದೆಯಲ್ಲ, ಅಲ್ಲಿ ನೆಲೆಸಿರುವ ಸಾ ಪೋಬ್ಲಾದವರು 1990ರ ದಶಕದಿಂದ ತಮ್ಮ ಬೆಂಕಿ ಹಬ್ಬವನ್ನ ಮಾಡುತ್ತಿದ್ದಾರೆ. ಊರಿನ ಹಬ್ಬ ಮುಗಿದ ಮೇಲೆ ಬರುವ ಒಂದು ವಾರಾಂತ್ಯದಲ್ಲಿ. ಇದನ್ನ ನಾನು ಮನಸಾರೆ ಮೆಚ್ಚುತ್ತೇನೆ. ಊರಿನ ದಿನ ಊರಿಗೇ ಉಳಿಯಿತು, ಊರು ಬಿಟ್ಟವರಿಗೂ ಒಂದು ಸಂಜೆ ಸಿಕ್ಕಿತು. ನಿಮ್ಮ ಸಂಘದ ಯುಗಾದಿಯೂ ಹೀಗಿದ್ದರೆ ನನ್ನ ತಕರಾರಿಲ್ಲ. ಯುಗಾದಿಯ ಬೆಳಿಗ್ಗೆ ಮನೆಯಲ್ಲಿ ಎಣ್ಣೆ ನೀರು, ಬೇವು ಬೆಲ್ಲ ಆಗಿರಲಿ, ಹಾಲ್‌ನಲ್ಲಿ ಮಾಡುವ ಕಾರ್ಯಕ್ರಮ ಯಾವಾಗಲಾದರೂ ನಡೆಯಲಿ. ಹಾಲ್‌ನಲ್ಲಿ ಮಾಡಿದ್ದೇ ಯುಗಾದಿ ಆಗಿ, ಮನೆಯದು ಮರೆತುಹೋದರೆ ಮಾತ್ರ ನೀವು ಹೇಳಿದ "ಏನೂ ಕಳೆದುಹೋಗಿಲ್ಲ" ಅನ್ನುವುದನ್ನ ನಂಬಲು ಕಷ್ಟ. ನಮ್ಮ ಕಚೇರಿಗೆ ಮೇ ತಿಂಗಳಲ್ಲೂ "ಯುಗಾದಿ ಸಂಭ್ರಮ" ಅಂತ ಪ್ರಕಟಣೆಗಳು ಬರುತ್ತವೆ. ಹೊರದೇಶದವರದ್ದು ಮಾತ್ರ ಅಲ್ಲ. ಇಲ್ಲಿಯೇ ನವೆಂಬರ್ ಪೂರ್ತಿ ರಾಜ್ಯೋತ್ಸವ ನಡೆಯುತ್ತದೆ, ಗಣಪತಿ ಅಪಾರ್ಟ್‌ಮೆಂಟಿನ ಅನುಕೂಲ ನೋಡಿಕೊಂಡು ನೀರಿಗೆ ಹೋಗುತ್ತಾನೆ. ಜಾತ್ರೆಗಳಿಗೆ "ಉತ್ಸವ" ಅಂತ ಹೆಸರಿಟ್ಟು ವೇದಿಕೆ ಕಟ್ಟಿ, ಮುಂದಿನ ಎರಡು ಸಾಲನ್ನ ಗಣ್ಯರಿಗೆ ಬಿಟ್ಟು, ತಲೆತಲಾಂತರದಿಂದ ತೇರು ಎಳೆದವರನ್ನ ಹಗ್ಗದಾಚೆ ನಿಲ್ಲಿಸುವುದನ್ನ ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಕುರ್ಚಿ ಬಂತು ಅಂದರೆ ನೋಡುವವರು ಬೇರೆ, ಮಾಡುವವರು ಬೇರೆ ಆದರು ಅಂತಲೇ ಅರ್ಥ. ಸಾ ಪೋಬ್ಲಾದಲ್ಲಿ ಕುರ್ಚಿ ಇರಲಿಲ್ಲ ಅಂದಿರಲ್ಲ, ಆ ಒಂದು ಸಾಲು ಓದಿ ನನಗೆ ಸಮಾಧಾನ ಆಯಿತು.

ಮಯೋರ್ಕಾದಲ್ಲೂ ಎಲ್ಲ ಸುಖವಾಗಿಲ್ಲ, ಅದನ್ನೂ ಹೇಳಬೇಕು. ಕೊಸಿಯೆರ್ಸ್ ಅನ್ನುವ ಕುಣಿತ ಇದೆ. ಕಾಲಿಗೆ ಗೆಜ್ಜೆ ಕಟ್ಟಿ ಆರು ಜನ ಗಂಡಸರು, ನಡುವೆ ದಾಮಾ ಅನ್ನುವ ಹೆಂಗಸಿನ ಪಾತ್ರ, ಕಾಡಲು ಒಬ್ಬ ಡಿಮೋನಿ. ಒಂದು ಕಾಲಕ್ಕೆ ಇದು ಒಂದೊಂದೇ ಊರಿನಲ್ಲಿ ನಿಂತುಹೋಯಿತು. ಮೊಂಟುಯಿರಿ ಎಂಬ ಒಂದು ಊರಿನವರು ಮಾತ್ರ ಆಗಸ್ಟ್ 24ರ ತಮ್ಮ ಸಂತನ ಹಬ್ಬಕ್ಕೆ ಕುಣಿಯುವುದನ್ನ ಬಿಡಲಿಲ್ಲ. ಅಲ್ಗಾಯಿದಾದಂಥ ಊರುಗಳು 1970ರ ದಶಕದಿಂದ ಈಚೆಗೆ ಹಳಬರನ್ನ ಕೇಳಿ ಕೇಳಿ ಮತ್ತೆ ಕಲಿತವು.

ಇನ್ನು ನಿಮ್ಮ ಡಿಸೆಂಬರ್ ಪ್ರಶ್ನೆ. ಖಂಡಿತ ಹೋಗಿ, ಆದರೆ 24ರ ರಾತ್ರಿ ಅಲ್ಲಿರುವ ಹಾಗೆ ಹೋಗಿ. ಅಂದು ದ್ವೀಪದ ಚರ್ಚುಗಳಲ್ಲಿ ಸಿಬಿಲ್ಲಾ ಹಾಡುತ್ತಾರೆ. ಕಸೂತಿ ಹಾಕಿದ ಉದ್ದನೆಯ ನಿಲುವಂಗಿ, ತಲೆಗೆ ಟೋಪಿ ತೊಟ್ಟ ಒಬ್ಬ ಹುಡುಗ ಅಥವಾ ಹುಡುಗಿ ಎರಡೂ ಕೈಯಲ್ಲಿ ಕತ್ತಿಯನ್ನ ಮುಖದ ಮುಂದೆ ನೆಟ್ಟಗೆ ಹಿಡಿದು ಬರುತ್ತದೆ, ಅಕ್ಕಪಕ್ಕದಲ್ಲಿ ಮೋಂಬತ್ತಿ ಹಿಡಿದ ಮಕ್ಕಳು. ಲೋಕದ ಕೊನೆಯ ದಿನ ಹೇಗಿರುತ್ತದೆ ಅನ್ನುವ ಹಾಡು ಅದು. ಹಾಡುವಾಗ ಯಾವ ವಾದ್ಯವೂ ಇರುವುದಿಲ್ಲ, ನುಡಿ ನುಡಿಯ ನಡುವೆ ಆರ್ಗನ್ ಮಾತ್ರ. ಹಾಡು ಮುಗಿದ ಮೇಲೆ ಮಗು ಕತ್ತಿಯಿಂದ ಗಾಳಿಯಲ್ಲಿ ಶಿಲುಬೆ ಬರೆಯುತ್ತದೆ. 16ನೇ ಶತಮಾನದಲ್ಲಿ ಚರ್ಚೇ ಇದನ್ನ ನಿಲ್ಲಿಸಲು ನೋಡಿತು, ಬೇರೆ ಹೆಚ್ಚಿನ ಕಡೆ ನಿಂತೂ ಹೋಯಿತು, ಇಲ್ಲಿಯವರು ಬಿಡಲಿಲ್ಲ. 2010ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಪಾಲ್ಮಾದ ದೊಡ್ಡ ಚರ್ಚಿನಲ್ಲಿ ಜನ ಜಾಸ್ತಿ. ಒಳನಾಡಿನ ಯಾವುದಾದರೂ ಹಳ್ಳಿಯ ಚರ್ಚಿಗೆ ಹೋಗಿ. ಒಂದೊಂದು ಚರ್ಚಿನಲ್ಲಿ ಒಂದೊಂದು ಹೊತ್ತು, ಮೊದಲೇ ವಿಚಾರಿಸಿಕೊಂಡು ಅರ್ಧ ಗಂಟೆ ಮುಂಚೆ ಒಳಗೆ ಸೇರಿಕೊಳ್ಳಿ, ಫೋನ್ ಜೇಬಿನಲ್ಲೇ ಇರಲಿ. ಮಗಳಿಗೆ ಕತ್ತಿಯ ವಿಷಯ ಮೊದಲೇ ಹೇಳಿಟ್ಟಿರಿ. 31ರವರೆಗೆ ಉಳಿಯುವುದಾದರೆ ಅಂದು ಪಾಲ್ಮಾದಲ್ಲಿ ಬಾವುಟದ ಹಬ್ಬ ಇದೆ, 1229ರಲ್ಲಿ ರಾಜ ಜೌಮೆ ಆ ನಗರವನ್ನ ಗೆದ್ದ ದಿನ. ಅದು ಯಾವ ವಾರ ಬೀಳುತ್ತದೋ ನೋಡಿಕೊಂಡು ವಾಪಸ್ ಟಿಕೆಟ್ ಮಾಡಿಸಿ, ಬಂದ ಮೇಲೆ ಪತ್ರ ಬರೆಯಿರಿ.