ಬಂಗಡೆಯೋ, ಪುಡಿ ಡಬ್ಬಿಯೋ?

ಪ್ರಶ್ನೆ: ಟೀಚರ್, ನನ್ನ ಮಗ ಜಿಮ್‌ಗೆ ಹೋಗುತ್ತಾನೆ. ಮೀನು ಜೀರ್ಣವಾಗಲು ಹೊತ್ತು ಹಿಡಿಯುತ್ತದೆ, ಅಮೈನೋ ಆಮ್ಲದ ಪುಡಿಯಾದರೆ ಸೀದಾ ರಕ್ತಕ್ಕೆ ಸೇರುತ್ತದೆ ಅಂತ ದೊಡ್ಡ ಡಬ್ಬಿ ತಂದಿಟ್ಟಿದ್ದಾನೆ. ಇದು ನಿಜವಾ?
– ಒಬ್ಬ ತಾಯಿ, ಅಂಕೋಲಾ

ಉತ್ತರ: ಅಂಥದ್ದೊಂದು ಡಬ್ಬಿ ನಮ್ಮ ಮನೆಗೂ ಬಂದಿತ್ತು, ಅಳಿಯ ತಂದದ್ದು. ಚಿಟಿಕೆ ನಾಲಿಗೆಗೆ ಹಾಕಿಕೊಂಡೆ. ಅಬ್ಬಾ, ಎಂಥಾ ಕಹಿ! ಬೈತಖೋಲ ಬಂದರಿನ ಬಂಗಡೆ ತಿಂದ ಬಾಯಿಗೆ ಈ ಶಿಕ್ಷೆ ಯಾಕೆ ಅನಿಸಿತು.

ಡಬ್ಬಿಯ ಮಾತು ಅರ್ಧ ನಿಜ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳನ್ನು ಕಟ್ಟಿದ ಅಬ್ಬಲಿಗೆ ದಂಡೆ ಅಂದುಕೊಳ್ಳಿ. ಜಠರದ ಪೆಪ್ಸಿನ್, ಆಮೇಲೆ ಮೇದೋಜೀರಕದ ಟ್ರಿಪ್ಸಿನ್ ಮತ್ತು ಅದರ ಜೊತೆಯವು ದಂಡೆಯನ್ನು ಕತ್ತರಿಸುತ್ತವೆ. ಆದರೆ ಎಲ್ಲವೂ ಬಿಡಿ ಹೂವಾಗುವುದಿಲ್ಲ. ಎರಡು ಮೂರು ಹೂವಿನ ತುಂಡುಗಳೂ ಬೇಕಾದಷ್ಟು ಉಳಿಯುತ್ತವೆ.

ಬಿಡಿ ಹೂವು ಸಣ್ಣ ಕರುಳಿನ ಕೋಶದೊಳಗೆ ಹೋಗುವುದು ಹೆಚ್ಚಾಗಿ ಸೋಡಿಯಂ ಕೈ ಹಿಡಿದು. ಕೋಶ ತನ್ನ ಹಿತ್ತಿಲ ಬಾಗಿಲಿನಿಂದ ಸೋಡಿಯಂ ಅನ್ನು ಹೊರಗೆ ದಬ್ಬುತ್ತಲೇ ಇರುತ್ತದೆ. ಒಳಗೆ ಕಡಿಮೆ ಆಯಿತಲ್ಲ, ಕರುಳಿನಲ್ಲಿರುವ ಸೋಡಿಯಂ ಮುಂಬಾಗಿಲಿನಿಂದ ನುಗ್ಗುತ್ತದೆ. ಅಮೈನೋ ಆಮ್ಲ ಅದರ ಜೊತೆ ಒಳಗೆ! ಇಂಥ ಬಾಗಿಲುಗಳು ಹಲವು. ಒಂದೇ ಬಾಗಿಲಿಗೆ ಬಂದವುಗಳ ನಡುವೆ ನೂಕುನುಗ್ಗಲೂ ಉಂಟು.

ತುಂಡುಗಳಿಗೆ ಬೇರೆಯೇ ಬಾಗಿಲು, ಹೆಸರು ಪೆಪ್ಟ್-1. ಅಲ್ಲಿ ಜೊತೆಗಾರ ಸೋಡಿಯಂ ಅಲ್ಲ, ಹೈಡ್ರೋಜನ್ ಅಯಾನು. ಎರಡು ಅಥವಾ ಮೂರು ಹೂವಿನ ತುಂಡು ಯಾವುದೇ ಬರಲಿ, ಹೆಚ್ಚುಕಡಿಮೆ ಎಲ್ಲವನ್ನೂ ಒಳಗೆ ಬಿಡುತ್ತದೆ. ಕೋಶದೊಳಗೆ ಅವು ಬಹುಪಾಲು ಬಿಡಿಯಾಗಿ, ರಕ್ತ ಸೇರಿ ಮೊದಲು ಯಕೃತ್ತಿಗೆ ಹೋಗುತ್ತವೆ. ತಮಾಷೆ ಏನು ಗೊತ್ತಾ? ಅಷ್ಟೇ ಅಮೈನೋ ಆಮ್ಲವನ್ನು ಬಿಡಿಬಿಡಿಯಾಗಿ ಕೊಡುವುದಕ್ಕಿಂತ ಇಂಥ ಸಣ್ಣ ತುಂಡುಗಳಾಗಿ ಕೊಟ್ಟರೆ ಕರುಳು ಬೇಗ ಹೀರುತ್ತದೆ.

1956ರಲ್ಲಿ ಇಂಗ್ಲೆಂಡಿನಲ್ಲಿ ವಿವರಿಸಿದ ಹಾರ್ಟ್‌ನಪ್ ಅನ್ನುವ ಕಾಯಿಲೆ ಇದೆ. ಅದು ಇದ್ದವರಿಗೆ ಟ್ರಿಪ್ಟೊಫಾನ್‌ನಂಥ ಅಮೈನೋ ಆಮ್ಲಗಳ ಬಾಗಿಲು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಆದರೂ ಚೆನ್ನಾಗಿ ಉಣ್ಣುವ ಹಲವರಿಗೆ ತೊಂದರೆಯೇ ಕಾಣುವುದಿಲ್ಲ. ತುಂಡುಗಳ ಬಾಗಿಲು ತೆರೆದೇ ಇರುತ್ತದಲ್ಲ!

ಡಬ್ಬಿಗೆ ದುಡ್ಡು ಕೊಟ್ಟಾಗಿದೆ, ಮುಗಿಸಲಿ ಬಿಡಿ. ಮುಂದಿನ ಡಬ್ಬಿಯ ದುಡ್ಡು ಮಾತ್ರ ನಿಮ್ಮ ಕೈಯಲ್ಲೇ ಇರಲಿ, ಮೀನು ತನ್ನಿ. ಜೂನ್, ಜುಲೈನಲ್ಲಿ ಬೋಟು ನಿಂತಾಗ ಮೊಟ್ಟೆ, ಹೆಸರುಕಾಳು ಇದ್ದೇ ಇದೆ.