ತಗ್ಗಿಗೆ ಒಂದೇ ಗಾಲಿ ಇಳಿದಾಗ ಕಟಕಟ ಸದ್ದು

ಪ್ರಶ್ನೆ: ಜಮಖಂಡಿಯಿಂದ ಮುಧೋಳದ ಕಡೆಗೆ, ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಕಿತ್ತುಹೋದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ನನ್ನ ಕಾರಿನ ಮುಂದಿನ ಎಡಗಾಲಿಯ ಬಳಿ ಕಟಕಟ ಎಂಬ ಸದ್ದು ಬರುತ್ತದೆ. ರಸ್ತೆಯುಬ್ಬು ದಾಟುವಾಗ ಅದು ಅಷ್ಟಾಗಿ ಕೇಳಿಸುವುದಿಲ್ಲ. ಗ್ಯಾರೇಜಿನಲ್ಲಿ ಎಡಬದಿಯನ್ನು ಜಾಕ್ ಮೇಲೆ ಎತ್ತಿ ನೋಡಿ, ಏನೂ ಸಡಿಲವಾಗಿಲ್ಲ, ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಬೇಕು ಎಂದರು. ಮನೆಗೆ ಬಂದು ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಲಿಯ ಹಿಂದೆ ಕೈ ಹಾಕಿದರೆ ಬೆರಳು ಗಾತ್ರದ ಒಂದು ಸರಳು ಅಲುಗಾಡಿತು. ಅದು ಯಾವ ಭಾಗ? ಸದ್ದು ಅದರದ್ದೇ ಇರಬಹುದೇ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಬಿಡಿಭಾಗದ ಹೆಸರು ತಿಳಿಯದಿದ್ದಾಗ ಅದರ ಎರಡು ತುದಿಗಳು ಯಾವುದಕ್ಕೆ ಸೇರಿವೆ ಎಂಬುದನ್ನು ಮೊದಲು ನೋಡಬೇಕು. ನಿಮ್ಮ ಕೈಗೆ ಸಿಕ್ಕ ಸರಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿದ್ದು, ಅದರ ಮೇಲಿನ ತುದಿ ಶಾಕ್ ಅಬ್ಸಾರ್ಬರಿನ ಮೈಗೂ ಕೆಳಗಿನ ತುದಿ ಕಾರಿನ ಅಡಿಯಲ್ಲಿ ಈ ಗಾಲಿಯಿಂದ ಆ ಗಾಲಿಯ ತನಕ ಅಡ್ಡಲಾಗಿ ಹೋಗುವ ದಪ್ಪ ಕಂಬಿಗೂ ಸೇರಿದ್ದರೆ, ಅದು ಸ್ಟೆಬಿಲೈಸರ್ ಲಿಂಕ್. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದನ್ನು ಲಿಂಕ್ ರಾಡ್ ಎಂದೂ ಕರೆಯುತ್ತಾರೆ. ಸರಳು ಅಡ್ಡಲಾಗಿ ಮಲಗಿದ್ದು, ಸ್ಟೇರಿಂಗ್ ತಿರುಗಿಸಿದಾಗ ಗಾಲಿಯನ್ನು ತಳ್ಳುತ್ತಿದ್ದರೆ ಅದು ಟೈ ರಾಡ್. ಅದರ ತುದಿಯ ಕೀಲು ಸಡಿಲವಾಗಿದ್ದರೆ ಗಾಲಿ ಸ್ಟೇರಿಂಗಿನ ಹಿಡಿತ ತಪ್ಪುವ ಅಪಾಯವಿರುವುದರಿಂದ, ಅದು ದುರಸ್ತಿಯಾಗುವ ತನಕ ಕಾರನ್ನು ಹೊರಗೆ ತೆಗೆಯಬೇಡಿ. ಕೆಲವು ಸಣ್ಣ ಕಾರುಗಳಲ್ಲಿ ಸ್ಟೆಬಿಲೈಸರ್ ಲಿಂಕೇ ಇರುವುದಿಲ್ಲವಾದ್ದರಿಂದ ಊಹೆಯ ಮೇಲೆ ಹೆಸರು ಹೇಳಿ ಸಾಮಾನು ತರಿಸಬೇಡಿ.

ನಿಮ್ಮ ಪತ್ರದಲ್ಲಿರುವ ಎರಡು ಸಂಗತಿಗಳು ಲಿಂಕಿನ ಕಡೆಗೇ ಬೆರಳು ತೋರಿಸುತ್ತವೆ. ಅಡ್ಡ ಕಂಬಿಯ ಕೆಲಸ ಎರಡು ಗಾಲಿಗಳು ಬೇರೆ ಬೇರೆ ಎತ್ತರಕ್ಕೆ ಹೋದಾಗ ತಿರುಚಿಕೊಂಡು ಕಾರು ಓಲಾಡದಂತೆ ತಡೆಯುವುದು. ಒಂದೇ ಗಾಲಿ ತಗ್ಗಿಗೆ ಇಳಿದಾಗ ಲಿಂಕಿನ ಮೇಲೆ ಎಳೆತ ಬೀಳುತ್ತದೆ, ಸವೆದ ಕೀಲು ಕಟಕ್ ಎನ್ನುತ್ತದೆ. ರಸ್ತೆಯುಬ್ಬಿನ ಮೇಲೆ ಎರಡೂ ಗಾಲಿಗಳು ಒಟ್ಟಿಗೆ ಏರಿ ಇಳಿಯುವುದರಿಂದ ಕಂಬಿ ತಿರುಚಿಕೊಳ್ಳುವುದಿಲ್ಲ, ಸದ್ದೂ ಕಡಿಮೆ. ಇನ್ನು ಗ್ಯಾರೇಜಿನವರಿಗೆ ಸಡಿಲ ಕಾಣದೇ ಇದ್ದುದಕ್ಕೂ ಕಾರಣ ಇದೇ. ಒಂದೇ ಬದಿಯನ್ನು ಎತ್ತಿದರೆ ಒಂದು ಗಾಲಿ ಜೋತುಬಿದ್ದು, ಕಂಬಿ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಸವೆದ ಕೀಲೂ ಆಗ ಗಟ್ಟಿಯಾಗಿರುವಂತೆ ತೋರುತ್ತದೆ. ಹೀಗಾಗಿ ಲಿಂಕನ್ನು ಪರೀಕ್ಷಿಸುವಾಗ ಎರಡೂ ಗಾಲಿಗಳು ಸಮನಾಗಿ ನೆಲದ ಮೇಲೆಯೇ ಇರಬೇಕು.

ಪರೀಕ್ಷೆ ಕಷ್ಟದ್ದಲ್ಲ. ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿರಿ. ಲಿಂಕನ್ನು ನಡುವೆ ಹಿಡಿದು ಮೇಲಕ್ಕೂ ಕೆಳಕ್ಕೂ ಜಗ್ಗಿರಿ. ಸರಳು ತನ್ನಷ್ಟಕ್ಕೆ ಸ್ವಲ್ಪ ಹೊರಳುವುದು ಸಹಜ, ಅದರ ತುದಿಗಳಲ್ಲಿರುವ ಗುಂಡು ಕೀಲುಗಳು ಇರುವುದೇ ಹೊರಳುವುದಕ್ಕೆ. ಆದರೆ ಮೇಲೆ ಕೆಳಗೆ ಕಟಕ್ ಎಂದು ಆಡಬಾರದು. ಸಂದೇಹ ಉಳಿದರೆ ಒಬ್ಬರು ಹೊರಗೆ ನಿಂತು ಬಾನೆಟ್ಟಿನ ಪಕ್ಕದಲ್ಲಿ ಕೈಯೂರಿ ಕಾರನ್ನು ಎಡಬಲಕ್ಕೆ ಓಲಾಡಿಸಲಿ, ನೀವು ಕೀಲಿನ ಮೇಲೆ ಎರಡು ಬೆರಳು ಇಟ್ಟುಕೊಳ್ಳಿರಿ. ಸವೆದ ಕೀಲಿನ ಪೆಟ್ಟು ಕಿವಿಗೆ ಕೇಳುವ ಮೊದಲೇ ಬೆರಳ ತುದಿಗೆ ತಾಕುತ್ತದೆ. ಕೀಲನ್ನು ಮುಚ್ಚಿರುವ ರಬ್ಬರ್ ಬೂಟು ಹರಿದಿದೆಯೇ ಎಂಬುದನ್ನೂ ನೋಡಿರಿ; ಎರೆಮಣ್ಣಿನ ಕೆಸರು ಒಳಗೆ ಹೊಕ್ಕರೆ ಗ್ರೀಸು ಕೆಟ್ಟು ಕೀಲು ಬೇಗ ಸವೆಯುತ್ತದೆ. ಕೀಲು ಗಟ್ಟಿಯಾಗಿದ್ದು, ನಟ್ಟಿನ ಸುತ್ತ ಹೊಳೆಯುವ ಗುರುತು ಅಥವಾ ಕೆಂಪು ತುಕ್ಕಿನ ಪುಡಿ ಕಂಡರೆ ಸಡಿಲವಾಗಿರುವುದು ನಟ್ಟು ಮಾತ್ರ. ಅಂಥ ನಟ್ಟನ್ನು ಬಿಗಿ ಮಾಡಿದರೆ ಸದ್ದು ನಿಂತೀತು.

ಕಾರಿನ ಅಡಿಗೆ ನುಸುಳುವ ಅಗತ್ಯ ಬಿದ್ದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ. ಎರೆ ನೆಲದಲ್ಲಿ ಜಾಕ್ ಹೂತುಕೊಂಡು ವಾಲುತ್ತದೆ.

ಲಿಂಕ್ ಬದಲಿಸುವಾಗ ಎರಡೂ ಬದಿಯನ್ನು ಒಟ್ಟಿಗೆ ಬದಲಿಸುವುದು ಲೇಸು, ಏಕೆಂದರೆ ಎರಡೂ ಅದೇ ರಸ್ತೆಯ ಪೆಟ್ಟು ತಿಂದಿವೆ. ಹಳೆಯ ನಟ್ಟು ಬಿಚ್ಚುವಾಗ ನಟ್ಟು ಕೂತಿರುವ ಗುಂಡು ಕೀಲಿನ ಕಡ್ಡಿಯೂ ಜೊತೆಗೆ ತಿರುಗತೊಡಗಿದರೆ, ಅನೇಕ ಲಿಂಕುಗಳಲ್ಲಿ ಅದರ ತುದಿಯಲ್ಲಿ ಆರು ಮೂಲೆಯ ಕುಳಿ ಇರುತ್ತದೆ; ಅದಕ್ಕೆ ಅಲೆನ್ ಕೀ ಹಾಕಿ ಹಿಡಿದುಕೊಂಡು ಪಾನಾದಿಂದ ನಟ್ಟು ತಿರುಗಿಸಬೇಕು. ಲಿಂಕ್ ಒಂದನ್ನೇ ಬದಲಿಸಿದರೆ ವೀಲ್ ಅಲೈನ್‌ಮೆಂಟ್ ಬೇಕಾಗುವುದಿಲ್ಲ. ಟೈ ರಾಡಿನ ತುದಿ ಬದಲಿಸಿದರೆ ಬೇಕೇ ಬೇಕು. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಇಳಿದಿರದಿದ್ದರೆ, ಕಾರನ್ನು ಒತ್ತಿ ಬಿಟ್ಟಾಗ ಅದು ಮತ್ತೆ ಮತ್ತೆ ಕುಣಿಯದಿದ್ದರೆ, ಮೊದಲು ಲಿಂಕ್ ಬದಲಿಸಿ ನೋಡಿರಿ. ಒಂದು ಜೊತೆ ಶಾಕ್ ಅಬ್ಸಾರ್ಬರಿನ ಮುಂದೆ ಲಿಂಕಿನ ಖರ್ಚು ಬಹಳ ಕಡಿಮೆ.

ಪ್ರಶ್ನೆ: ನನ್ನ ಕಾರಿನಲ್ಲೂ ಮುಂದಿನಿಂದ ಇಂಥದೇ ಸದ್ದಿದೆ. ಆದರೆ ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟರೆ ಅದು ನಿಲ್ಲುತ್ತದೆ. ಲಿಂಕ್ ಬದಲಿಸಲೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಬೇಡ. ಬ್ರೇಕ್ ಒತ್ತಿದೊಡನೆ ನಿಲ್ಲುವ ಸದ್ದು ಬಹುಮಟ್ಟಿಗೆ ಬ್ರೇಕ್ ಪ್ಯಾಡು ಅಥವಾ ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನದು. ಪ್ಯಾಡನ್ನು ಹಿಡಿದಿರುವ ಕ್ಲಿಪ್ಪು ಬಿದ್ದುಹೋಗಿರಬಹುದು, ಕ್ಯಾಲಿಪರ್ ಜಾರುವ ಪಿನ್ನುಗಳು ಸವೆದಿರಬಹುದು, ಇಲ್ಲವೇ ಬೋಲ್ಟು ಸಡಿಲವಾಗಿರಬಹುದು. ಇದು ಬ್ರೇಕಿನ ವಿಷಯವಾದ್ದರಿಂದ ಇನ್ನೊಂದು ಪ್ರಯಾಣಕ್ಕೆ ಹೊರಡುವ ಮುನ್ನವೇ ಗಾಲಿ ಬಿಚ್ಚಿಸಿ, ಆ ಬೋಲ್ಟುಗಳ ಬಿಗಿಯನ್ನು ಟಾರ್ಕ್ ಪಾನಾದಿಂದ (ಬಿಗಿಯನ್ನು ಅಳೆಯುವ ಪಾನಾ) ಪರೀಕ್ಷಿಸಲು ಹೇಳಿರಿ.